ಮೂರು ಬೆರಳಿನ ಎಲೆ, ಒಂಬತ್ತು ಬೆರಳಿನ ಎಲೆ

ಮಾವನವರಿಗೆ, ಸೊಸೆ ಸುನಂದಾಳ ಶರಣು.

ಮನೆಯ ಕ್ಷೇಮ ಸಮಾಚಾರ ಆಮೇಲೆ. ಮೊದಲು ಬಳ್ಳಿಯ ಸುದ್ದಿ. ನೀವಿದ್ದಿದ್ದರೆ ನಾನು ಹೀಗೆ ಕಾಗದ ಹಿಡಿದು ಕೂಡುತ್ತಿದ್ದೆನೇ? ಬೈಲಹೊಂಗಲದ ಪೇಟೆಯಲ್ಲಿ ನಿಮ್ಮ ಅಡತಿ ದಲ್ಲಾಳಿ ಅಂಗಡಿಯ ತನಕ ಓಡಿಬಂದು, ಹತ್ತಿ ತುಂಬಿದ ಅಂಡಿಗೆ ಮೂಟೆಗಳ ನಡುವೆ ನಿಂತೇ ಕೂಗಿ ಹೇಳುತ್ತಿದ್ದೆ. ನೀವು ಕೈಯಲ್ಲಿದ್ದ ಗಿರಾಕಿಯನ್ನು ಹಾಗೇ ಬಿಟ್ಟು, "ಏನಾತವ್ವಾ, ಲಗೂ ಹೇಳ" ಎನ್ನುತ್ತಿದ್ದಿರಿ. ಈಗ ಲಗೂ ಹೇಳಬೇಕೆಂದರೂ ಕಾಗದವೇ ಗತಿ.

ನನ್ನನ್ನು ನೋಡಲು ನೀವೆಲ್ಲ ನವಲಗುಂದಕ್ಕೆ ಬಂದಿದ್ದಿರಲ್ಲ, ಆ ದಿನ ನೆನಪಾಗುತ್ತದೆ. ನಿಮ್ಮ ಮಗ ಸುಮ್ಮನೆ ಅವಲಕ್ಕಿ ತಿನ್ನುತ್ತ ಕೂತಿದ್ದರು. ಪ್ರಶ್ನೆ ಕೇಳಿದವರು ನೀವು. "ಎಮ್ಮೆಸ್ಸಿ ಮುಗಸೀದಿ. ಇನ್ನೂ ಕಲೀಬೇಕಂತಲ್ಲ, ಏನ ಕಲೀತಿ?" ನಾನು ಹೆದರುತ್ತಲೇ, "ಪಿಎಚ್.ಡಿ. ಮಾಡಬೇಕಂತ ಐತ್ರಿ, ಬಳ್ಳಿಗಳ ಮ್ಯಾಲೆ" ಎಂದೆ. "ಯಾವ ಬಳ್ಳಿ? ಸವತಿ ಬಳ್ಳಿನೋ, ಹೀರಿ ಬಳ್ಳಿನೋ?" "ಅವಲ್ರಿ. ಹೊಲದ ಬದುವಿನ್ಯಾಗ ತಾವ ಬೆಳೀತಾವಲ್ರಿ, ಕಹಳಿಯಂಥಾ ಹೂವಿನ್ವು..." "ಅಂದ್ರ ನಾವು ಕಿತ್ತ ಒಗಿಯೂ ಕಸ!" ಇಡೀ ಪಡಸಾಲೆ ನಕ್ಕಿತು. ನನ್ನ ಅಪ್ಪನ ಮುಖ ಸಣ್ಣದಾಯಿತು. ಆಗ ನೀವೇ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಿರಿ. "ಕಿತ್ತ ಒಗಿಯೂಕಿಂತ ಮೊದ್ಲ ಅದರ ಹೆಸರರ ತಿಳಕೋಬೇಕು. ಮಾಡವ್ವಾ, ನಮ್ಮ ಮನ್ಯಾಗ ಮಾಡ." ನಾನು ಮದುವೆಗೆ ಒಪ್ಪಿದ್ದು ನಿಮ್ಮ ಮಗನನ್ನು ನೋಡಿಯೋ, ನಿಮ್ಮನ್ನು ನೋಡಿಯೋ? ಈಗಲೂ ಅವರು ಚೇಷ್ಟೆ ಮಾಡುತ್ತಾರೆ.

ಮದುವೆಯಾದ ಮೊದಲ ಮಳೆಗಾಲ, ನಿಮ್ಮ ಮಗನಿಗೆ ಅಂಗಡಿ ಬಿಟ್ಟು ಬರಲು ಆಗುತ್ತಿರಲಿಲ್ಲ. ನನಗೋ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯನ್ನೆಲ್ಲ ತಿರುಗಬೇಕಿತ್ತು. ನೀವು ಸ್ಕೂಟರನ್ನು ಒಂದು ಬದಿಗೆ ಓರೆಮಾಡಿ, ಕಿಕ್ ಹೊಡೆದು, "ಕುಂದರವ್ವಾ" ಎಂದಿರಿ. ಬಾಗಿಲಲ್ಲಿ ನಿಂತಿದ್ದ ಅತ್ತೆಯವರು, "ಮಾವಾ ಸೊಸಿ ಕೂಡಿ ಕಸಾ ಆರಸಾಕ ಹೊಂಟಾರ. ಮಂದಿ ಏನಂದಾರು?" ಎಂದರು. "ಮಂದಿ ಅಂಗಡಿಗೆ ಬರ್ತಾರಲ್ಲ, ಅಲ್ಲೇ ಕೇಳತೇನಿ ಬಿಡ" ಎಂದು ನೀವು ಗಾಡಿ ಬಿಟ್ಟಿರಿ. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಹೊಲಗಳ ಬದುವಿನಲ್ಲಿ ನಾವಿಬ್ಬರೂ ಬಗ್ಗಿ ನೋಡುತ್ತಿದ್ದಾಗ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, "ಏನ ಕಳಕೊಂಡೀರಿ ಯಜಮಾನ್ರ?" ಎಂದು ಕೇಳಿದ. "ಕಳಕೊಂಡಿಲ್ಲೋ ತಮ್ಮಾ, ಹುಡುಕಾಕ ಹತ್ತೇವಿ." "ಕಳಕೊಳ್ಳಲಾರದ ಯಾರ ಹುಡುಕತಾರ್ರಿ?" ಅವನ ಮಾತಿಗೆ ನೀವು ಕಿತ್ತೂರು ಮುಟ್ಟುವ ತನಕ ನಕ್ಕಿದ್ದಿರಿ.

ಕಿತ್ತೂರಿನ ಆಚೆ, ಹೆದ್ದಾರಿಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ನೀವು ಕೇಳಿದ ಪ್ರಶ್ನೆ ನನ್ನ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ. "ಅಲ್ಲವ್ವಾ, ಒಂದ ಗಿಡಕ್ಕ ಎರಡ ಹೆಸರ ಯಾಕ?" ನಾನು ತಡವರಿಸುತ್ತ, ನನ್ನ ಬಳ್ಳಿಗಳದು ಐಪೋಮಿಯಾ ಎಂಬ ಜಾತಿ, ಅದರೊಳಗೆ ಪ್ರಭೇದ, ಮೇಲೆ ಕುಟುಂಬ ಅಂತೆಲ್ಲ ಹೇಳತೊಡಗಿದೆ. ನೀವು ರೊಟ್ಟಿ ಮುರಿಯುತ್ತ ಮಧ್ಯದಲ್ಲೇ ತಡೆದಿರಿ. "ತಡಿ ತಡಿ. ಐಪೋಮಿಯಾ ಅಂದ್ರ ಅಡ್ಡಹೆಸರು. ಮುಂದಿಂದು ಸ್ವಂತ ಹೆಸರು. ಹೌದಿಲ್ಲೋ?" ಹೌದು, ಅಷ್ಟೇ! ಹಳ್ಳದ ದಂಡೆಯ ಗುಲಾಬಿ ಹೂವಿನ ಪೊದೆ, ಬೇಲಿಗೆ ಹಬ್ಬುವ ಕೆಂಪು ಚುಕ್ಕಿಯಂಥ ಕಾಮಲತೆ, ಗುಡ್ಡದ ಸಣ್ಣ ಹಳದಿ ಹೂವಿನದು, ಎಲ್ಲವೂ ಒಂದೇ ಅಡ್ಡಹೆಸರಿನ ಅಣ್ಣತಮ್ಮಂದಿರು. ಗೆಣಸೂ ಅದೇ ಮನೆಯದು ಎಂದಾಗಲಂತೂ ನಿಮ್ಮ ಕಣ್ಣು ಅರಳಿತು. "ಅಂದ್ರ ಇವೆಲ್ಲಾ ಗೆಣಸಿನ ಕಳ್ಳುಬಳ್ಳಿ, ಬಂಧು ಬಳಗ ಅನ್ನು!" ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ನೀವು ಐಪೋಮಿಯಾ ಮನೆತನದ ವಂಶಾವಳಿ ಹೇಳತೊಡಗಿದಿರಿ.

ಯರಗಟ್ಟಿಯಲ್ಲಿ ಸ್ಕೂಟರಿನ ಗಾಲಿ ಪಂಕ್ಚರ್ ಆದದ್ದು ನಮ್ಮ ಪುಣ್ಯ, ಅಲ್ಲವೇ ಮಾವಾರ? ಅದುವರೆಗೂ ಒಂದು ಬಳ್ಳಿ ನಮ್ಮನ್ನು ಆಟ ಆಡಿಸುತ್ತಿತ್ತು. ಮೈತುಂಬ ಒರಟು ರೋಮ, ಹುಲಿಯ ಪಂಜದ ಹಾಗೆ ಬೆರಳು ಬೆರಳಾಗಿ ಸೀಳಿದ ಎಲೆ. ಹೆಸರೂ ಅದೇ: ಐಪೋಮಿಯಾ ಪೆಸ್-ಟೈಗ್ರಿಡಿಸ್, ಹುಲಿಯ ಪಾದ; ನಾವು ಕರೆದದ್ದು ಹುಲಿಹೆಜ್ಜೆ. ಬೈಲಹೊಂಗಲದ ಎರೆಹೊಲಗಳ ಬದುವಿನಲ್ಲಿ ಬೇಕಾದಷ್ಟಿತ್ತು. ಆದರೆ ಅರಳಿದ ಹೂವು ಮಾತ್ರ ಕಂಡಿರಲಿಲ್ಲ. ಎಷ್ಟು ಬೇಗ ಎದ್ದು ಹೋದರೂ ಬರೀ ಮೊಗ್ಗು, ಇಲ್ಲವೇ ಬಾಡಿದ ಹೂವು. ಅವತ್ತು ಸೈಕಲ್ ಅಂಗಡಿಯವನು ಟ್ಯೂಬಿಗೆ ಪ್ಯಾಚು ಹಚ್ಚುವಷ್ಟರಲ್ಲಿ ಹೊತ್ತು ಇಳಿದಿತ್ತು. ನೀವು ಚಾ ಕುಡಿಯುತ್ತ ಹಿತ್ತಲ ಬೇಲಿಯ ಕಡೆ ತಿರುಗಿದವರು, ಬಸಿ ಹಿಡಿದುಕೊಂಡೇ ಕೂಗಿದಿರಿ. "ಸುನಂದವ್ವಾ! ಬಾಯಿ ತಗೀತು! ಬಾಯಿ ತಗೀತು!" ಬೆಳ್ಳಗಿನ ಕಹಳೆ, ನಮ್ಮ ಕಣ್ಣೆದುರೇ ಸುರುಳಿ ಬಿಚ್ಚುತ್ತಿತ್ತು. "ಮುಂಜಾನಿ ಅರಳೂ ಮನಿತನದಾಗ ಹುಟ್ಟಿ ಸಂಜೀಕ ಏಳತೈತಿ. ಥೇಟ್ ನಮ್ಮ ತಮ್ಮ!" ಎಂದಿರಿ. ಸೈಕಲ್ ಅಂಗಡಿಯವನೂ ಪ್ಯಾಚು ಬಿಟ್ಟು ಬಂದು ನೋಡಿದ.

ಅದೇ ವರ್ಷ ಶ್ರಾವಣ ಮುಗಿದ ಮೇಲೆ ಸವದತ್ತಿಯ ಗುಡ್ಡ ಹತ್ತಿದೆವು. ನೆಲವೆಲ್ಲ ಬಂಡೆ, ಬಂಡೆಯ ಮೇಲೆ ಗೇಣು ಆಳವೂ ಇಲ್ಲದ ಮಣ್ಣು. ಅಲ್ಲಿ ನೆಲಕ್ಕಂಟಿಕೊಂಡಂತೆ ಒಂದು ಪುಟ್ಟ ಬಳ್ಳಿ. ಅದೇ ರೋಮ, ಅದೇ ಬಿಳಿ ಹೂವಿನ ಗೊಂಚಲು. ಆದರೆ ಎಲೆಗೆ ಮೂರೇ ಬೆರಳು! ನಮ್ಮ ಎರೆಹೊಲದ ಬಳ್ಳಿಗೆ ಏಳು, ಒಂಬತ್ತು. ಎಷ್ಟು ಹುಡುಕಿದರೂ ಆ ಬಂಡೆಯ ಮೇಲೆ ಮೂರಕ್ಕಿಂತ ಹೆಚ್ಚಿನದು ಸಿಗಲಿಲ್ಲ. ನೀವು ಪಿಸುಗುಟ್ಟಿದಿರಿ, ಜೋರಾಗಿ ಮಾತಾಡಿದರೆ ಗಿಡ ಓಡಿಹೋಗುತ್ತದೆ ಎಂಬಂತೆ. "ಇದು ಬ್ಯಾರೆ ಐತೇನವ್ವಾ? ಹೊಸಾದ?"

ಧಾರವಾಡದಲ್ಲಿ ನನ್ನ ಗೈಡ್ ಸರ್ ಎಲೆ ತಿರುಗಿಸಿ ತಿರುಗಿಸಿ ನೋಡಿ ಹೇಳಿದ ಮಾತನ್ನು ಮನೆಗೆ ಬಂದು ನಿಮಗೆ ಹೇಳಿದ್ದೇ ತಪ್ಪಾಯಿತೋ ಏನೋ. "ಬೇರೆ ಇರಬಹುದು, ಇರಲಿಕ್ಕಿಲ್ಲ. ಎರಡೂ ಕಡೆಯ ಬೀಜ ತಂದು ಒಂದೇ ಮಣ್ಣಿನಲ್ಲಿ ಬೆಳೆಸಿ ನೋಡಿ" ಎಂದಿದ್ದರು. ನಿಮ್ಮ ಕಿವಿಗೆ ಬಿದ್ದದ್ದು 'ಬೇರೆ ಇರಬಹುದು' ಎಂಬುದಷ್ಟೇ. ಊರಿನ ಹೆಸರನ್ನೂ ಗಿಡಕ್ಕೆ ಇಡುತ್ತಾರೆ, ಕೊನೆಗೆ 'ಎನ್ಸಿಸ್' ಅಂತ ಹಚ್ಚುತ್ತಾರೆ ಎಂದು ಎಂದೋ ಹೇಳಿದ್ದೆ. ಮರುದಿನವೇ ಪೇಟೆಯಲ್ಲೆಲ್ಲ 'ಬೈಲಹೊಂಗಲೆನ್ಸಿಸ್'! ಸವದತ್ತಿಯಿಂದ ಬಂದ ನಿಮ್ಮ ವ್ಯಾಪಾರದ ಗೆಳೆಯರು, "ಸಿಕ್ಕದ್ದು ನಮ್ಮ ಗುಡ್ಡದಾಗ, ಹೆಸರ ಹೆಂಗ ನಿಮ್ಮ ಊರಿಂದು?" ಎಂದು ಜಗಳಕ್ಕೇ ನಿಂತರು. "ಹುಡುಕಿದಾಕಿ ನಮ್ಮ ಸೊಸಿ. ಗುಡ್ಡಾ ಹುಡುಕಿತೇನು?" ಎಂದಿರಿ. "ಇಂಥಾದ್ದು ಜಗತ್ತಿನ್ಯಾಗ ಎಲ್ಲೂ ಇಲ್ಲ, ನಮ್ಮಲ್ಲಿ ಅಷ್ಟ ಐತಿ" ಎಂದು ಹೇಳುವಾಗ ನಿಮ್ಮ ಎದೆ ಎಷ್ಟು ಉಬ್ಬುತ್ತಿತ್ತು!

ಈ ವರ್ಷದ ಮೊದಲ ಮಳೆ ಬಿದ್ದಾಗ ಬೀಜ ಊರಿದ್ದು ನೀವೇ. ಎರಡು ಪೊಟ್ಟಣ ಕಟ್ಟಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದೆ, ಒಂದು ಬೈಲಹೊಂಗಲದ್ದು, ಒಂದು ಸವದತ್ತಿಯದು. ಬೂದು ರೋಮದ ಗಟ್ಟಿ ಬೀಜ. ಸಿಪ್ಪೆ ತೇಯದಿದ್ದರೆ ಮೊಳೆಯಲು ತಡಮಾಡುತ್ತದೆ. ನೀವು ಒಂದೊಂದನ್ನೇ ಬಚ್ಚಲ ಕಲ್ಲಿಗೆ ಹಗುರಾಗಿ ತಿಕ್ಕಿದಿರಿ. ಎಣ್ಣೆಯ ಖಾಲಿ ಡಬ್ಬಿಗಳಿಗೆ ಒಂದೇ ಹೊಲದ ಎರೆಮಣ್ಣು ತುಂಬಿ, ಮೈಮೇಲೆ ಬಣ್ಣದಿಂದ 'ಬೈ' ಮತ್ತು 'ಸ' ಎಂದು ಬರೆದು, ಮಾಳಿಗೆಯ ಮೇಲೆ ಸಾಲಾಗಿ ಇಟ್ಟಿರಿ. ಸವದತ್ತಿಯ ಡಬ್ಬಿಯಲ್ಲಿ ಬೀಜದೆಲೆಗಳ ನಡುವಿನಿಂದ ಮೊದಲ ನಿಜವಾದ ಎಲೆ ಬಿಚ್ಚಿದ ಮುಂಜಾನೆ ನೀವು ಇಡೀ ಓಣಿಗೆ ಕೇಳುವಂತೆ ಕೂಗಿದಿರಿ. "ಮೂರ ಬೆರಳ ಐತಿ! ನಮ್ಮ ಮಣ್ಣಿನ್ಯಾಗೂ ಮೂರ! ಹೊಸಾದ ಐತೋ ಮಾರಾಯಾ!" ಅಂಗಡಿಗೆ ಪೇಢೆ ತರಿಸಿ ಹಂಚಿಯೂ ಬಿಟ್ಟಿರಿ.

ಆದರೆ ಮುಂದಿನ ದಿನಗಳಲ್ಲಿ 'ಬೈ' ಡಬ್ಬಿಯ ಸಸಿಗಳೂ ಎಲೆ ಬಿಚ್ಚಿದವು. ಅವಕ್ಕೂ ಮೂರೇ ಬೆರಳು. ನಾನು ಗೊಂದಲದಲ್ಲಿ ಬಿದ್ದೆ. ನೀವು ಬೀಳಲಿಲ್ಲ. ನೇರ ಅಡುಗೆಮನೆಗೆ ಹೋಗಿ ಅತ್ತೆಯವರನ್ನು ಕೇಳಿದಿರಿ.

"ಮಾಡದಾಗಿನ ಪೊಟ್ಟಣ ಬಿಚ್ಚೀದೇನ?"

"ನಾ ಯಾಕ ಬಿಚ್ಚಲಿ?"

"ಮಾಡಾ ಒರಸುವಾಗ ಚೆಲ್ಲಿರಬೇಕು. ಹೆಂಗರ ತುಂಬಿ ಇಟ್ಟೀದಿ. ಎರಡರಾಗೂ ಸವದತ್ತಿ ಬೀಜಾನ ಬಂದೈತಿ."

"ನಿಮ್ಮ ಕಸದ ಬೀಜಾ ಮುಟ್ಟಾಕ ನನಗೇನ ಹುಚ್ಚ ಹಿಡದೈತೇನು? ಮುಟ್ಟಿಲ್ಲ ಅಂದ್ರ ಮುಟ್ಟಿಲ್ಲ."

"ಹಂಗಾರ ದೆವ್ವ ಬಂದ ಕೂಡಿಸಿತೇನು?"

ಅತ್ತೆಯವರು ಒಲೆಯ ಕಡೆ ತಿರುಗಿದರು. ಅವತ್ತು ನಿಮಗೆ ಊಟಕ್ಕೆ ಬಡಿಸಿದ್ದು ನಾನು. ಮರುದಿನವೂ ನಾನೇ. ನೀವಿಬ್ಬರೂ ಒಂದೆರಡು ದಿನ ಮುನಿಸಿಕೊಂಡು ಮತ್ತೆ ಸರಿಹೋಗುವುದು ಮನೆಯಲ್ಲಿ ಹೊಸದೇನಲ್ಲ ಎಂದು ನಾನು ಸುಮ್ಮನಿದ್ದೆ. ಆ ಮುನಿಸು ಇಳಿಯುವ ಮೊದಲೇ, ಅಂಗಡಿಯಲ್ಲಿ ಶೇಂಗಾ ಚೀಲದ ಮೇಲೆ ಕೂತು ನೀವು ಯಾರಿಗೋ ಹೊಸ ಬಳ್ಳಿಯ ಕತೆ ಹೇಳುತ್ತಿದ್ದಿರಂತೆ. "ಜಗತ್ತಿನ್ಯಾಗ ಎಲ್ಲೂ..." ಅಷ್ಟೇ ಅಂದಿರಂತೆ. ಎದೆ ಹಿಡಿದುಕೊಂಡಿರಂತೆ...

ನಿಮ್ಮ ಮಣ್ಣು, ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆ ಎಷ್ಟು ಸಪ್ಪಳವಿಲ್ಲದ್ದಾಯಿತು ಗೊತ್ತೇ? ನನಗೆ ಡಬ್ಬಿಗಳ ನೆನಪೇ ಇರಲಿಲ್ಲ. ಒಂದು ಮುಂಜಾನೆ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದರೆ ಅತ್ತೆಯವರು ತಂಬಿಗೆಯಲ್ಲಿ ಸಸಿಗಳಿಗೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು, "ಆಗ ಮುಟ್ಟಿರಲಿಲ್ಲ. ಈಗ ಮುಟ್ಟಾಕ ಹತ್ತೇನಿ" ಎಂದರು. ಆಮೇಲೆ ಮೆಟ್ಟಿಲ ಮೇಲೆ ಕೂತು ಬಿಟ್ಟರು. "ನಿಮ್ಮ ಮಾವ ಕಡೀಕ ನನ್ನ ಕೂಡ ಆಡಿದ ಮಾತು ಅದ ನೋಡ ಸುನಂದಾ. ನಲವತ್ತ ವರ್ಷ ಬಾಳೇ ಮಾಡಿ, ಕಡೀ ಮಾತು ಬೀಜಾ ಕೂಡಿಸೀದಿ ಅಂತ." ಅವರು ಮುಟ್ಟಿಲ್ಲ ಎಂದು ನಾನು ನಂಬಿದ್ದೆ. ಆದರೆ ನಂಬಿಕೆಯಿಂದ ಅವರ ದುಃಖ ಇಳಿಯುವಂತಿರಲಿಲ್ಲ. ಎರಡೂ ಡಬ್ಬಿಯಲ್ಲಿ ಮೂರು ಬೆರಳು ಹೇಗೆ ಬಂತು ಎಂಬುದಕ್ಕೆ ನನ್ನ ಬಳಿ ಉತ್ತರವೂ ಇರಲಿಲ್ಲ.

ಉತ್ತರ ಕೊಟ್ಟದ್ದು ಬಳ್ಳಿ! ಕೆಲವು ದಿನಗಳಾದ ಮೇಲೆ ಅತ್ತೆಯವರು ಮಾಳಿಗೆಯಿಂದಲೇ ಕರೆದರು. ದನಿಯಲ್ಲಿ ಗಾಬರಿ. "ಲಗೂ ಬಾ. ಇದರ ಎಲಿ ಐದ ಬೆರಳಿಂದ ಬಂದೈತಿ. ಮತ್ತ ನನ್ನ ಮ್ಯಾಲ ಬರತೈತಿ ನೋಡ." ಓಡಿಹೋಗಿ ನೋಡಿದೆ. ಯಾವ ಡಬ್ಬಿ ಅಂತೀರಿ? 'ಸ'! ನಿಮ್ಮ ಸವದತ್ತಿ ಗುಡ್ಡದ್ದು! ಕೆಳಗಿನ ಎಲೆಗಳಿಗೆ ಮೂರು ಬೆರಳು, ಅದೇ ದಂಟಿನ ಮೇಲಿನ ಎಲೆಗೆ ಐದು. ಮುಂದಿನ ಎಲೆಗೆ ಏಳು. 'ಬೈ' ಡಬ್ಬಿಯಲ್ಲೂ ಹಾಗೇ. ಬಳ್ಳಿ ಮೇಲೇರಿದ ಹಾಗೆ ಹುಲಿಯ ಪಂಜ ಬಿಚ್ಚುತ್ತಲೇ ಹೋಯಿತು. ಹೂವು ಬರುವ ಹೊತ್ತಿಗೆ ಎರಡರಲ್ಲೂ ಒಂಬತ್ತು! ಯಾವುದು ಸವದತ್ತಿಯದು, ಯಾವುದು ಬೈಲಹೊಂಗಲದ್ದು ಎಂದು ಡಬ್ಬಿಯ ಅಕ್ಷರ ನೋಡದೆ ನನಗೇ ಹೇಳಲಾಗಲಿಲ್ಲ.

"ಹಂಗಾರ ಕೂಡೇ ಬಿಟ್ಟಾವೇನ ಬೀಜ?" ಎಂದು ಅತ್ತೆಯವರು ಸಣ್ಣ ದನಿಯಲ್ಲಿ ಕೇಳಿದರು. ಆಗ ನನಗೆ ತಟ್ಟನೆ ಹೊಳೆಯಿತು. "ಚಪ್ಪಲಿ ಮೆಟ್ರಿ ಅತ್ತಿ, ಹೊಲಕ್ಕ ಹೋಗೂಣು" ಎಂದೆ. ಊರ ಹೊರಗಿನ ನಮ್ಮ ಹೊಲದ ಬದುವಿನಲ್ಲಿ, ತಡವಾಗಿ ಬಿದ್ದ ಮಳೆಗೆ ಆಗಷ್ಟೇ ಎದ್ದ ಹುಲಿಹೆಜ್ಜೆ ಸಸಿಗಳು ಇರಲೇಬೇಕು. ಮಂಡಿಯೂರಿ ಹುಲ್ಲು ಸರಿಸಿದೆ. ಇದ್ದವು! ಬೆರಳುದ್ದದ ಸಸಿಗಳು, ಒಂದೊಂದರ ಮೊದಲ ಎಲೆಗೂ ಮೂರೇ ಬೆರಳು. ಪಕ್ಕದಲ್ಲೇ ದೊಡ್ಡ ಬಳ್ಳಿ, ಬುಡದಲ್ಲಿ ಮೂರರ ಒಣಗಿದ ಎಲೆ, ತುದಿಯಲ್ಲಿ ಒಂಬತ್ತರದು. ಬೈಲಹೊಂಗಲದ ಅಪ್ಪಟ ಬಳ್ಳಿ. ಇದರ ಬೀಜವನ್ನು ಯಾರೂ ಯಾವ ಪೊಟ್ಟಣದಲ್ಲೂ ಕಟ್ಟಿರಲಿಲ್ಲ. "ಇದು ಎಲ್ಲಾ ಹುಲಿಹೆಜ್ಜಿಯ ಸಣ್ಣಂದಿನ ಎಲಿ ರೀ ಅತ್ತಿ! ಸಣ್ಣಾಕಿ ಇದ್ದಾಗ ಮೂರ ಬೆರಳು, ದೊಡ್ಡಾಕಿ ಆದಮ್ಯಾಲೆ ಒಂಬತ್ತು. ನೀವು ಏನೂ ಕೂಡಿಸಿಲ್ಲ!" ಅತ್ತೆಯವರು ಆ ಪುಟ್ಟ ಎಲೆಯನ್ನು ಬೆರಳಿನಿಂದ ಮುಟ್ಟಿದರು. ಸೆರಗು ಬಾಯಿಗೆ ಒತ್ತಿಕೊಂಡು ಬದುವಿನ ಮೇಲೇ ಕೂತರು. ಅತ್ತರೋ ನಕ್ಕರೋ... ಎರಡೂ ಇತ್ತು.

ಮತ್ತೆ ಸವದತ್ತಿಯ ಗುಡ್ಡ ಹತ್ತಿದಾಗ ಉಳಿದದ್ದೂ ತಿಳಿಯಿತು. ಬಂಡೆಯ ಮೇಲಿನ ಗೇಣು ಆಳವಿಲ್ಲದ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಬಳ್ಳಿಗೆ ಬೆಳೆಯಲು ಪುರಸೊತ್ತಿಲ್ಲ. ಸಣ್ಣಂದಿನ ಎಲೆಯಲ್ಲೇ ಅವಸರದಿಂದ ಹೂಬಿಟ್ಟು, ಬೀಜ ಕಟ್ಟಿ, ಒಣಗಿಹೋಗುತ್ತದೆ. ನಾವು ನೋಡಿದ್ದು ಅದನ್ನೇ. ಅಲ್ಲಿಂದ ಇಳಿಜಾರಿನಲ್ಲಿ ಸ್ವಲ್ಪ ಕೆಳಗೆ, ಬಂಡೆಗಳ ಸಂದಿನಲ್ಲಿ ಮಣ್ಣು ಕೂಡಿದ ಕಡೆ, ಅದೇ ಬಳ್ಳಿ ಒಂಬತ್ತು ಬೆರಳು ಚಾಚಿ ಹಬ್ಬಿತ್ತು. ಆ ದಿನ ನಾವು ಇನ್ನೊಂದು ಮಗ್ಗುಲಿಂದ ಇಳಿದಿದ್ದೆವು, ನೆನಪಿದೆಯೇ? ಗೈಡ್ ಸರ್ ಎಲ್ಲವನ್ನೂ ಕೇಳಿ, ಹಿಂದೆಯೂ ಎಲೆಯ ಬೆರಳು ಎಣಿಸಿ ಇದಕ್ಕೆ ಬೇರೆ ಬೇರೆ ಹೆಸರು ಇಟ್ಟಿದ್ದುಂಟು, ಆಮೇಲೆ ಕೂಡಿಸಿದ್ದುಂಟು ಎಂದು ಹೇಳಿ, "ಹೊಸಾದು ಸಿಗಲಿಲ್ಲಂತ ಬ್ಯಾಸರಾತೇನು?" ಎಂದು ಕೇಳಿದರು. ಬೇಸರವೇ? ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತ ಕೂತದ್ದನ್ನು ನೋಡಿ ಪಕ್ಕದ ಹೆಂಗಸು ಸೀಟು ಬದಲಿಸಿದಳು!

ಹೋದ ಭಾನುವಾರದ್ದು ಇನ್ನೂ ದೊಡ್ಡ ಸುದ್ದಿ. ನಾಲ್ಕು ಸೀಮೆಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ ಮೂರರಲ್ಲೂ ಈ ಬಳ್ಳಿ ಸಿಕ್ಕಿತ್ತು. ರಾಮದುರ್ಗಕ್ಕೆ ಈ ವರ್ಷ ಹೋಗೋಣ ಎಂದು ನೀವೇ ಉಳಿಸಿದ್ದಿರಿ. ನಾನು ಹೊರಟು ನಿಂತರೆ ಅತ್ತೆಯವರೂ ಬುತ್ತಿ ಕಟ್ಟಿಕೊಂಡು ಬಂದರು. "ನಾನೂ ಬರತೇನಿ. ಮಂದಿ ಏನರ ಅನ್ನಲಿ." ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಮುಟ್ಟಿದೆವು. ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಮಧ್ಯಾಹ್ನವೆಲ್ಲ ತಿರುಗಿದರೂ ಇಲ್ಲ. ಹೊತ್ತು ಇಳಿಯುವಾಗ, ಕಲ್ಲಿನ ಬೇಲಿಯೊಂದರ ಮೇಲೆ ಬೆಳ್ಳಗೆ ಏನೋ ಕಂಡಿತು. ಒಂದಲ್ಲ ಮಾವಾರ, ಬೇಲಿ ತುಂಬ! ನಮ್ಮ ಕಣ್ಣೆದುರೇ ಬಾಯಿ ತೆರೆಯುತ್ತಿದ್ದವು. ನಾನು ಕುಣಿದಾಡಿದ್ದನ್ನು ನೋಡಿ ಹೊಲದ ಹೆಣ್ಣುಮಗಳೊಬ್ಬಳು ಓಡಿ ಬಂದು, "ಯಾಕ್ರಿ, ಹಾವರ ಕಂಡ್ತೇನ್ರಿ?" ಎಂದು ಕೇಳಿದಳು. ಅತ್ತೆಯವರು ಹೂವು ತೋರಿಸಿದರು. "ಈ ಕಸಾ ನಮ್ಮಲ್ಲಿ ಬೇಕಾದಷ್ಟ ಐತಲ್ರಿ" ಎಂದಳು ಅವಳು.

"ನಿಮ್ಮಲ್ಲಿ ಅಷ್ಟ ಅಲ್ಲವ್ವಾ" ಎಂದರು ಅತ್ತೆಯವರು. ಸೆರಗು ಸರಿಮಾಡಿಕೊಂಡು, ನಾನು ಮಾಳಿಗೆಯ ಮೇಲೆ ಅವರಿಗೆ ಹೇಳಿದ್ದನ್ನೆಲ್ಲ ಹೇಳಿದರು. "ಆಫ್ರಿಕಾದಾಗ ಐತಿ. ಸಿಂಹಳದಾಗ ಐತಿ. ಚೀನಾದ ದಕ್ಷಿಣಕ್ಕ ಐತಿ. ಸಮುದ್ರ ದಾಟಿ ಆಸ್ಟ್ರೇಲಿಯಾ ತನಕ ಐತಿ. ಎಲ್ಲಾ ಒಂದ ಮನಿತನ. ಇಷ್ಟ ಕಡೆ ಇದ್ದದ್ದು ರಾಮದುರ್ಗದಾಗ ಇರಲಾರದ ಎಲ್ಲಿ ಹೋದೀತು?" ಜಗತ್ತಿನಲ್ಲಿ ಎಲ್ಲೂ ಇಲ್ಲ ಎಂದು ನೀವು ಹೇಳುವಾಗ ಎಷ್ಟು ಹೆಮ್ಮೆಯಿತ್ತೋ, ಎಲ್ಲಾ ಕಡೆ ಐತಿ ಎನ್ನುವಾಗ ಅವರ ದನಿಯಲ್ಲೂ ಅಷ್ಟೇ ಇತ್ತು.

ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತ ಅತ್ತೆಯವರು ಬೇಲಿ ಕಂಡಲ್ಲೆಲ್ಲ ಇಣುಕಿ ನೋಡುತ್ತಿದ್ದರು. ಆಮೇಲೆ ನನ್ನ ಮೊಣಕೈ ತಿವಿದರು. "ಪುಸ್ತಕದಾಗ ಇದನ್ನೆಲ್ಲಾ ಬರೀತಿ. ಓದೂದು ಯಾರು, ಧಾರವಾಡದವ್ರು. ನಿಮ್ಮ ಮಾವಗ ಯಾರ ತಿಳಸತಾರ? ಒಂದ ಕಾಗದಾ ಬರಿ." "ಏನಂತ ಬರೀಲ್ರಿ?" ಎಂದೆ. "ಬಳ್ಳೀದ ನೀ ಬರಿ. ನಂದು ಎರಡ ಮಾತು" ಎಂದು ಅವರು ಹೇಳಿದ್ದನ್ನು ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ:

"ನಾ ಬೀಜಾ ಮುಟ್ಟಿರಲಿಲ್ರಿ. ನನಗ ಸಿಟ್ಟೂ ಇಲ್ಲ."